ಹುಟ್ಟುಗಳ್ಳರೆಂಬ ಹಸಿ ಸುಳ್ಳು

ನಮ್ಮ ಭಾಗದಲ್ಲಿ ಒಂದು ಮಾತು ಬೇರುಬಿಟ್ಟು ಕೂತಿದೆ. ವಿಜಯನಗರ ಬಿದ್ದ ಮೇಲೆ ತುಂಗಭದ್ರೆಯ ಎರಡೂ ದಂಡೆಗಳು ಕಳ್ಳಕಾಕರ ಪಾಲಾದವಂತೆ. ಪಿಂಡಾರಿಗಳು, ಥಗ್ಗರು, ಕಳವನ್ನೇ ಕುಲಕಸುಬು ಮಾಡಿಕೊಂಡ ಜಾತಿಗಳು ಊರೂರು ದೋಚಿದವಂತೆ. ಇಂಗ್ಲಿಷರು ಬಳ್ಳಾರಿಯಲ್ಲಿ ದಂಡು ಇಳಿಸಿ, ಕೋರ್ಟು ಕಟ್ಟಿ, ಜೈಲು ಕಟ್ಟಿದ ಮೇಲೆಯೇ ಜನ ಬಾಗಿಲು ತೆರೆದು ಮಲಗಿದರಂತೆ. ಆನೆಗೊಂದಿಯ ಕಟ್ಟೆಗಳ ಮೇಲೆ, ಗಂಗಾವತಿಯ ಚಹಾದಂಗಡಿಗಳಲ್ಲಿ, ಓದಿದವರ ಬಾಯಲ್ಲಿ, ಓದದವರ ಬಾಯಲ್ಲಿ ಈ ಮಾತನ್ನು ಕೇಳುತ್ತಲೇ ಬಂದಿದ್ದೇನೆ. ಹೇಳಿದವರು ಅಷ್ಟಕ್ಕೇ ನಿಲ್ಲುವುದಿಲ್ಲ. ಊರ ಹೊರಗೆ ಗುಡಿಸಲು ಹಾಕಿಕೊಂಡ ಕೊರಮರ ಕಡೆಗೋ ಹರಣಶಿಕಾರಿಗಳ ಕಡೆಗೋ ಬೆರಳು ತೋರಿಸಿ, ‘ಅವರ ರಕ್ತದಾಗ ಐತ್ರಿ ಅದು’ ಎಂದು ಮುಗಿಸುತ್ತಾರೆ.

ಈ ಮಾತಿನ ಬುಡವೇ ಸುಳ್ಳು. ಇದು ನಮ್ಮ ಹಿರಿಯರ ಮಾತೂ ಅಲ್ಲ. ಬಳ್ಳಾರಿ, ಧಾರವಾಡ, ಮದ್ರಾಸುಗಳ ಕಚೇರಿಗಳಲ್ಲಿ ಕೂತ ಇಂಗ್ಲಿಷ್ ಅಧಿಕಾರಿಗಳು ತಮ್ಮ ಆಳ್ವಿಕೆಯನ್ನು ಸಮರ್ಥಿಸಿಕೊಳ್ಳಲು ಬರೆದಿಟ್ಟ ಕಥೆಯಿದು. ನಾವು ಅದನ್ನು ಇನ್ನೂರು ವರ್ಷಗಳಿಂದ ಬಾಯಿಪಾಠ ಒಪ್ಪಿಸುತ್ತಿದ್ದೇವೆ. ವಸಾಹತು ಪಟ್ಟಣ ದರೋಡೆಕೋರರನ್ನು ಅಡಗಿಸಿತು ಎನ್ನುವವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ: ಆ ದರೋಡೆಕೋರರು ಹುಟ್ಟಿದ್ದೆಲ್ಲಿಂದ?

1800ನೇ ಇಸವಿಯನ್ನು ತೆಗೆದುಕೊಳ್ಳಿ. ಅದರ ಹಿಂದಿನ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಸೈನ್ಯ ಚದುರಿತು. ಸಾವಿರಾರು ಸವಾರರಿಗೆ, ಕಾಲಾಳುಗಳಿಗೆ ಒಂದೇ ದಿನದಲ್ಲಿ ಸಂಬಳವೂ ಹೋಯಿತು, ಯಜಮಾನನೂ ಹೋದ. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯಾ ವಾಘ್ ಇಂಥವರನ್ನು ಸುತ್ತ ಸೇರಿಸಿಕೊಂಡು, ತನ್ನನ್ನು ‘ಉಭಯಲೋಕಾಧೀಶ್ವರ’ ಎಂದು ಕರೆದುಕೊಂಡ. ಮುಂದೆ ವಾಟರ್ಲೂ ಗೆದ್ದು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಅವನನ್ನು ರಾಣೆಬೆನ್ನೂರು, ಡಂಬಳ, ಮನೋಳಿಗಳ ದಾರಿಯಲ್ಲಿ ತಿಂಗಳುಗಟ್ಟಲೆ ಅಟ್ಟಿದ. 1800ರ ಸೆಪ್ಟೆಂಬರ್ 10ರಂದು ರಾಯಚೂರು ದೋಆಬಿನ ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ. ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳಲ್ಲಿ ಅವನು ಬರೀ ಲೂಟಿಕೋರ. ಆದರೆ ಒಬ್ಬ ಲೂಟಿಕೋರನ ಬೆನ್ನಟ್ಟಲು ಇಡೀ ಸೈನ್ಯವನ್ನು ಯಾರೂ ಕಳಿಸುವುದಿಲ್ಲ. ಅವನ ಹಿಂದೆ ಹೋದವರು ಸೋತ ರಾಜ್ಯದ ಕೆಲಸ ಕಳೆದುಕೊಂಡ ಸಿಪಾಯಿಗಳು ಎಂಬುದು ವೆಲ್ಲೆಸ್ಲಿಗೆ ಚೆನ್ನಾಗಿ ಗೊತ್ತಿತ್ತು. ಸತ್ತವನ ಮಗ ಸಲಾಬತ್ ಖಾನ್ ಎಂಬ ಹುಡುಗನನ್ನು ಅವನೇ ಕರೆದುಕೊಂಡು ಹೋಗಿ ಸಾಕಿದ, ಅವನ ಹೆಸರಿನಲ್ಲಿ ಹಣವನ್ನೂ ಬಿಟ್ಟ. ಕಳ್ಳತನ ರಕ್ತದಲ್ಲಿದೆ ಎಂದು ವೆಲ್ಲೆಸ್ಲಿ ನಂಬಿದ್ದರೆ ಆ ಹುಡುಗನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ರಕ್ತದ ಮಾತು ಇಲ್ಲಿ ಇನ್ನೂ ಬೇರುಬಿಟ್ಟಿರಲಿಲ್ಲ. ಅದು ಬೇರುಬಿಟ್ಟದ್ದು ಆಮೇಲೆ, ಕಾನೂನಿನ ಪುಸ್ತಕಗಳಲ್ಲಿ.

ಕೋಣಗಲ್ಲು ಕಾಳಗವಾಗಿ ಒಂದು ತಿಂಗಳು ಕಳೆದ ಮೇಲೆ, ಅಕ್ಟೋಬರ್ 12ರಂದು, ನಿಜಾಮ ಬಳ್ಳಾರಿ–ಕಡಪಾ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ತುಂಗಭದ್ರೆ ಗಡಿಯಾಯಿತು. ಹಂಪಿ, ಕಂಪ್ಲಿ, ಹೊಸಪೇಟೆ ಕಂಪನಿಗೆ. ಎದುರು ದಂಡೆಯ ಆನೆಗೊಂದಿ, ಗಂಗಾವತಿ, ಕೊಪ್ಪಳ ನಿಜಾಮನಿಗೆ. ಅದಕ್ಕೆ ಮೊದಲೂ ಆ ಹೊಳೆ ಗಡಿಯಾದ ಕಾಲಗಳಿದ್ದವು, ಆದರೆ ಯಾವಾಗಲೂ ಅಲ್ಲ. ಹದಿನಾರನೇ ಶತಮಾನದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡವಿನಲ್ಲಿ ಹರಿಗೋಲು ಕಂಡು ಬೆರಗಾಗಿ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ ಹೆಣೆದು ಹೊರಗೆ ತೊಗಲು ಹೊದಿಸಿದ ದೋಣಿ, ಅದರಲ್ಲಿ ಮನುಷ್ಯರೂ ದಾಟುತ್ತಾರೆ, ಕುದುರೆ ಎತ್ತುಗಳೂ ದಾಟುತ್ತವೆ. ರಾಜಧಾನಿಯ ಬೀದಿಗಳಲ್ಲಿ ಹೇರೆತ್ತುಗಳ ಸಂದಣಿಯಿಂದ ನಡೆಯಲು ದಾರಿ ಸಿಗುತ್ತಿರಲಿಲ್ಲ ಎಂದೂ ಅವನೇ ಹೇಳುತ್ತಾನೆ. ಆ ಎತ್ತುಗಳ ಬೆನ್ನಿನ ಮೇಲೆ ಧಾನ್ಯ ಬರುತ್ತಿತ್ತು, ಉಪ್ಪು ಬರುತ್ತಿತ್ತು. ಹೇರು ಹೊಡೆಯುವವರನ್ನು ಆಗ ಯಾರೂ ‘ಅಲೆಮಾರಿ, ಅಪಾಯ’ ಎಂದು ಹೆದರಲಿಲ್ಲ, ಅವರ ದಾರಿ ಕಾಯುತ್ತಿದ್ದರು. ಹೊಳೆಯ ಮೇಲೆ ಗೆರೆ ಎಳೆದ ಮೇಲೆ ಅದೇ ದಾಟುವಿಕೆ ಅನುಮಾನದ ಕೆಲಸವಾಯಿತು. ಆ ದಂಡೆಯಲ್ಲಿ ಹಿಡಿಯಲಾಗದವನು ಈ ದಂಡೆಗೆ ಬಂದರೆ ‘ನಿಜಾಮನ ಸೀಮೆ ಕಳ್ಳರ ಗೂಡು’ ಎಂದು ಬರೆಯುವುದಕ್ಕೂ ಅನುಕೂಲವಾಯಿತು.

ಬಳ್ಳಾರಿ ಸೀಮೆಗೆ ಕಂಪನಿಯ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಬಗ್ಗೆ ನಮ್ಮಲ್ಲಿ ಭಕ್ತಿಯೇ ಇದೆ. ರೈತವಾರಿ ಪದ್ಧತಿ ತಂದ, ರೈತನ ಮಾತು ಕೇಳಿದ ಎಂದು ಹೊಗಳುವುದನ್ನು ನಾನೂ ತಳ್ಳಿಹಾಕುವುದಿಲ್ಲ. ಆದರೆ ಅದೇ ಮನ್ರೋ ಆ ಸೀಮೆಯ ಎಂಬತ್ತು ಪಾಳೆಗಾರರ ಬಲ ಮುರಿದ. ಅವರಲ್ಲಿ ಹಲವರ ನೆಲೆ ಹೋಯಿತು, ಅವರನ್ನು ನಂಬಿಕೊಂಡಿದ್ದ ಸಾವಿರಾರು ಕಟ್ಟುಬಂಟರ ಇನಾಮು ಹೋಯಿತು. ಅವನ ಈ ಕಾಠಿಣ್ಯ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರಿಗೇ ಸರಿಬರಲಿಲ್ಲ, ಆಕ್ಷೇಪಿಸಿ ಬರೆದರು. ಊರು ಕಾಯುವುದೇ ಕೆಲಸವಾಗಿದ್ದ ಬೇಡರ ಕೈಯಿಂದ ಕಾವಲನ್ನು ಕಿತ್ತುಕೊಂಡ ಮೇಲೆ ಅವರು ಏನು ಮಾಡಬೇಕಿತ್ತು? ಹೊಲವಿದ್ದವರು ಹೊಲಕ್ಕೆ ಹೋದರು. ಇಲ್ಲದವರು ಗುಡ್ಡ ಹತ್ತಿದರು. ಗುಡ್ಡ ಹತ್ತಿದವರ ಹೆಸರು ಮಾತ್ರ ಸರ್ಕಾರಿ ದಫ್ತರದಲ್ಲಿ ಉಳಿಯಿತು.

1800ರಿಂದ ಐವತ್ತೆಂಟು ವರ್ಷಗಳ ನಂತರ ಅದೇ ಲೇಖನಿ ಮತ್ತೊಮ್ಮೆ ಅದೇ ಕೆಲಸ ಮಾಡಿತು. 1858ರ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯರು ಡಂಬಳದ ಖಜಾನೆ ವಶಪಡಿಸಿಕೊಂಡು, ಹಮ್ಮಿಗೆಯ ಕೆಂಚನಗೌಡರ ಜೊತೆಗೂಡಿ ಕೊಪ್ಪಳದ ಕೋಟೆ ಹಿಡಿದರು. ಭೀಮರಾಯರು ಒಂದು ಕಾಲಕ್ಕೆ ಕಂಪನಿಯದೇ ಅಧಿಕಾರಿಯಾಗಿದ್ದವರು. ಜೂನ್ 1ರಂದು ಮೇಜರ್ ಹ್ಯೂಸನ ಪಡೆ ಕೋಟೆಗೆ ನುಗ್ಗಿತು, ಭೀಮರಾಯರೂ ಕೆಂಚನಗೌಡರೂ ಅಲ್ಲೇ ಮಡಿದರು. ಇಂದು ನಾವು ಅವರನ್ನು ಸ್ವಾತಂತ್ರ್ಯ ಹೋರಾಟಗಾರರು ಎನ್ನುತ್ತೇವೆ. ಅಂದು ಕಂಪನಿಗೆ ಅವರು ಖಜಾನೆ ಲೂಟಿ ಮಾಡಿದವರು. ಹಿಂದಿನ ನವೆಂಬರಿನಲ್ಲಿ ಆಯುಧ ಒಪ್ಪಿಸಲೊಲ್ಲದೆ ಹೋರಾಡಿ ನೇಣಿಗೇರಿದ ಹಲಗಲಿಯ ಬೇಡರನ್ನೂ ಹೀಗೆಯೇ ನೋಡಿದರು. ಭೀಮರಾಯರ ಮೇಲಿನ ಹಣೆಪಟ್ಟಿಯನ್ನು ನಾವು ಕಿತ್ತು ಎಸೆದಿದ್ದೇವೆ, ಹಲಗಲಿಯ ಬೇಡರದನ್ನೂ ಎಸೆದಿದ್ದೇವೆ. ಅದೇ ಕಚೇರಿಗಳು ಅದೇ ಶಾಯಿಯಲ್ಲಿ ಕೊರಮ, ಘಂಟಿಚೋರ, ಛಪ್ಪರಬಂದ ಮೊದಲಾದ ಅಲೆಮಾರಿ ಸಮುದಾಯಗಳ ಮೇಲೆ ಬರೆದದ್ದನ್ನು ಮಾತ್ರ ವೇದವಾಕ್ಯದಂತೆ ಕಾಪಾಡಿಕೊಂಡು ಬಂದಿದ್ದೇವೆ. ದೇಸಾಯಿ, ಗೌಡರ ಪರವಾಗಿ ಮಾತಾಡಲು ಇತಿಹಾಸಕಾರರು ಸಿಕ್ಕರು. ಬುಟ್ಟಿ ಹೆಣೆಯುವ ಕೊರಮರಿಗೆ ಯಾರೂ ಸಿಗಲಿಲ್ಲ.

ಈಗ ಥಗ್ಗರ ವಿಷಯಕ್ಕೆ ಬರೋಣ, ಯಾಕೆಂದರೆ ಇಡೀ ‘ಹುಟ್ಟುಗಳ್ಳ’ ವಾದದ ಬುನಾದಿ ಅಲ್ಲಿದೆ. 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಸ್ವಲ್ಪವೇ ದಿನಗಳಲ್ಲಿ, ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಜನರನ್ನು ಹಿಡಿದರು. ಇವರು ಒಂದು ಬೇರೆಯೇ ಪಂಗಡ ಎಂದು ಆಗ ಯಾರಿಗೂ ಅನಿಸಿರಲಿಲ್ಲ. ಮದ್ರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ದಕ್ಷಿಣದಲ್ಲಿ ಫಾಸಿಗಾರರೆನಿಸಿಕೊಂಡ ಥಗ್ಗರ ಬಗ್ಗೆ ಲೇಖನ ಬರೆದ ಮೇಲೆ ಆ ಹಳೆಯ ಬಂಧನಕ್ಕೆ ಹೊಸ ಅರ್ಥ ಬಂತು. ದಾರಿಹೋಕರ ಕೊರಳಿಗೆ ಬಟ್ಟೆ ಬಿಗಿದು ಕೊಂದು ದೋಚುವವರು ಇದ್ದದ್ದು ನಿಜ. ಸತ್ತವರು ನಮ್ಮ ನಿಮ್ಮಂಥ ಬಡ ಪ್ರಯಾಣಿಕರು, ರಜೆಗೆ ಊರಿಗೆ ಹೊರಟ ಸಿಪಾಯಿಗಳು. ಅವರ ಸಾವನ್ನು ಹಗುರ ಮಾಡಿ ಮಾತಾಡುವ ಹಕ್ಕು ನನಗಿಲ್ಲ. ಆದರೆ ಕೊಂದವನನ್ನು ಹಿಡಿದು, ಸಾಕ್ಷಿ ಹೇಳಿಸಿ, ಶಿಕ್ಷೆ ಕೊಡುವುದು ಒಂದು; ಇಂಥ ಗುಂಪಿಗೆ ಸೇರಿದವನು ಎಂಬುದನ್ನೇ ಅಪರಾಧ ಮಾಡುವುದು ಇನ್ನೊಂದು. 1836ರ ಕಾಯ್ದೆ ಮಾಡಿದ್ದು ಎರಡನೆಯದನ್ನು. ಯಾವ ಕೊಲೆ, ಯಾವ ದಿನ, ಯಾರನ್ನು ಎಂದು ತೋರಿಸಬೇಕಿರಲಿಲ್ಲ. ಥಗ್ಗರ ಗುಂಪಿನವನು ಎಂದು ತೀರ್ಮಾನವಾದರೆ ಸಾಕು, ಜೀವಾವಧಿ. ಹಾಗೆ ತೀರ್ಮಾನಿಸಲು ಹೆಚ್ಚಾಗಿ ನೆಚ್ಚಿಕೊಂಡದ್ದು ಮಾಫಿ ಸಾಕ್ಷಿಗಳ ಮಾತನ್ನು. ಸ್ವಂತ ಕೊರಳು ಉಳಿಸಿಕೊಳ್ಳಲು ಇನ್ನೊಬ್ಬನ ಹೆಸರು ಹೇಳಬೇಕಾದವನ ಮಾತು ಅದು.

1839ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಥಗ್ಗನೊಬ್ಬನ ಆತ್ಮಕಥೆಯ ರೂಪದಲ್ಲಿ ಕಾದಂಬರಿ ಬರೆದ, ಇಂಗ್ಲೆಂಡಿನಲ್ಲಿ ಜನ ಮುಗಿಬಿದ್ದು ಓದಿದರು. ಟೇಲರ್ ನಮಗೆ ದೂರದವನಲ್ಲ. ನಿಜಾಮನ ಸೇವೆಯಲ್ಲಿದ್ದು, 1841ರಿಂದ ಹನ್ನೆರಡು ವರ್ಷ ಸುರಪುರದಲ್ಲಿ ಆಡಳಿತ ನೋಡಿಕೊಂಡ. ಅಲ್ಲಿನ ಜನ ಅವನನ್ನು ಪ್ರೀತಿಯಿಂದ ನೆನೆಯುತ್ತಾರೆ, ಅದಕ್ಕೆ ಕಾರಣಗಳೂ ಇವೆ. ಆದರೆ ಭಾರತದ ದಾರಿಗಳಲ್ಲಿ ತಲೆತಲಾಂತರದ ಕೊಲೆಗಾರರು ತುಂಬಿದ್ದಾರೆ ಎಂಬ ಚಿತ್ರವನ್ನು ಜಗತ್ತಿನ ಮನಸ್ಸಿನಲ್ಲಿ ಅಚ್ಚೊತ್ತಿದ ಪುಸ್ತಕ ಅವನದೇ. ಕಾದಂಬರಿ ಓದಿ ಕಾನೂನು ಮಾಡುವವರಿಗೆ ಆಮೇಲೆ ಪುರಾವೆ ಬೇಕೆನಿಸಲಿಲ್ಲ. 1843ರಲ್ಲಿ ಗುಂಪಿಗೆ ಸೇರಿದ್ದೇ ಅಪರಾಧ ಎಂಬ ತತ್ವವನ್ನು ಡಕಾಯಿತರಿಗೂ ಹಚ್ಚಿದರು. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು. ಅದನ್ನು ಮೊದಲು ತಂದದ್ದು ಉತ್ತರ ಭಾರತದಲ್ಲಿ. 1911ರಲ್ಲಿ ಮದ್ರಾಸ್, ಮುಂಬೈ ಪ್ರಾಂತ್ಯಗಳಿಗೂ ಬಂದು ನಮ್ಮ ಬಾಗಿಲು ಬಡಿಯಿತು. ಸರ್ಕಾರ ಒಂದು ಸಮುದಾಯವನ್ನು ಪಟ್ಟಿಗೆ ಸೇರಿಸಿದರೆ ಮುಗಿಯಿತು, ಅದನ್ನು ಪ್ರಶ್ನಿಸುವ ಅಧಿಕಾರ ಯಾವ ಕೋರ್ಟಿಗೂ ಇರಲಿಲ್ಲ. ನೆರೆಯ ನಿಜಾಮ ಸರ್ಕಾರವೂ ಇದೇ ಮಾದರಿಯ ಕಾನೂನು ಇಟ್ಟುಕೊಂಡಿತ್ತು.

ಪಟ್ಟಿಗೆ ಸೇರಿದವರು ಯಾರು ಎಂದು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೊರಮ–ಕೊರಚರು ಕರಾವಳಿಯಿಂದ ಒಳನಾಡಿಗೆ ಕತ್ತೆ, ಎತ್ತುಗಳ ಮೇಲೆ ಉಪ್ಪು ಹೇರಿ ತರುತ್ತಿದ್ದವರು, ವಾಪಸು ಹೋಗುವಾಗ ಧಾನ್ಯ ಒಯ್ಯುತ್ತಿದ್ದವರು. ಲಂಬಾಣಿಗಳು ದಂಡುಗಳಿಗೆ ಧಾನ್ಯ ಪೂರೈಸುತ್ತಿದ್ದವರು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಇಂಗ್ಲಿಷ್ ಸೈನ್ಯವೇ ಉಂಡದ್ದು ಅವರ ಎತ್ತುಗಳು ಹೊತ್ತು ತಂದ ಅಕ್ಕಿಯನ್ನು. ಛಪ್ಪರಬಂದರು ಮೊಘಲ್ ದಂಡಿನ ಬೀಡುಗಳಲ್ಲಿ ಗುಡಿಸಲು ಕಟ್ಟುತ್ತಿದ್ದವರ ಮಕ್ಕಳೆಂದು ಪೊಲೀಸ್ ಅಧಿಕಾರಿಗಳೇ ಬರೆದಿದ್ದಾರೆ. ಎಲ್ಲರೂ ದಾರಿಯನ್ನು ನಂಬಿ ಬದುಕಿದವರು. ಆ ದಾರಿಯನ್ನೇ ವಸಾಹತು ಸರ್ಕಾರ ಕಿತ್ತುಕೊಂಡಿತು. 1805ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಉಪ್ಪು ಸರ್ಕಾರದ ಸ್ವತ್ತಾಯಿತು. ಬೆಲೆ ಸರ್ಕಾರದ್ದು, ತೆರಿಗೆ ಸರ್ಕಾರದ್ದು. ಕತ್ತೆಯ ಬೆನ್ನಿನ ಉಪ್ಪಿಗೆ ಉಳಿದದ್ದು ಅಲ್ಪ. 1870ರ ಹೊತ್ತಿಗೆ ಬಳ್ಳಾರಿಯ ಕಡೆಗೆ ರೈಲು ಬಂತು, 80ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿಗಳನ್ನು ಜೋಡಿಸಿತು. ತಿಂಗಳ ಹೇರಿನ ಕೆಲಸವನ್ನು ಗೂಡ್ಸ್ ಗಾಡಿ ಒಂದು ದಿನದಲ್ಲಿ ಮಾಡಿತು. ಇವೆರಡರ ನಡುವೆ, 1876ರಿಂದ 78ರವರೆಗೆ, ಧಾತು–ಈಶ್ವರ ಸಂವತ್ಸರಗಳ ಬರ. ಆ ಬರ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಜನರನ್ನು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಎತ್ತುಗಳು ಸತ್ತವು, ಕತ್ತೆಗಳು ಸತ್ತವು. ಅದರ ಬೆನ್ನಿಗೇ ಅರಣ್ಯ ಕಾಯ್ದೆ ಬಂದು ಬಿದಿರಿಗೂ ಈಚಲು ಗರಿಗೂ ಅಪ್ಪಣೆ ಬೇಕಾಯಿತು.

ಬದುಕಿನ ಎಲ್ಲ ಬಾಗಿಲುಗಳನ್ನು ಹೀಗೆ ಒಂದೊಂದಾಗಿ ಮುಚ್ಚಿದ ಮೇಲೆ ಕೆಲವರು ಕದ್ದರು. ಹೌದು, ಕದ್ದರು. ಇಲ್ಲ ಎಂದು ವಾದಿಸಲು ನಾನು ಈ ಲೇಖನ ಬರೆಯುತ್ತಿಲ್ಲ. ಅದೇ ಬರದಲ್ಲಿ ಧಾನ್ಯ ಬಚ್ಚಿಟ್ಟು ಬೆಲೆ ಏರಿಸಿದ ವರ್ತಕರೂ ಇದ್ದರು. ಅವರ ಜಾತಿಯನ್ನು ಯಾವ ಸರ್ಕಾರವೂ ಪಟ್ಟಿಗೆ ಹಾಕಲಿಲ್ಲ. ಮದ್ರಾಸ್ ಪೊಲೀಸ್ ಅಧಿಕಾರಿ ಫ್ರೆಡರಿಕ್ ಮುಲಾಲಿ 1892ರಲ್ಲಿ, ಮುಂಬೈ ಪೊಲೀಸ್ ಅಧಿಕಾರಿ ಕೆನಡಿ 1908ರಲ್ಲಿ ‘ಅಪರಾಧಿ ವರ್ಗ’ಗಳ ಬಗ್ಗೆ ಕೈಪಿಡಿ ಬರೆದರು. ಈ ಜಾತಿಯವರು ಹೇಗೆ ಕನ್ನ ಕೊರೆಯುತ್ತಾರೆ, ಆ ಜಾತಿಯವರು ಯಾವ ವೇಷ ಹಾಕುತ್ತಾರೆ, ಯಾವ ಗುಪ್ತ ಮಾತು ಆಡುತ್ತಾರೆ ಎಂದು ಪ್ರಾಣಿಗಳ ಚರ್ಯೆ ವಿವರಿಸಿದಂತೆ ವಿವರಿಸಿದರು. ಕದಿಯದೆ ದುಡಿದು ತಿಂದ ಮನೆಗಳನ್ನು ಎಣಿಸುವ ಕೆಲಸ ಆ ಕೈಪಿಡಿಗಳದಾಗಿರಲಿಲ್ಲ.

ಪಟ್ಟಿಯಾದ ಮೇಲೆ ಸೆಟ್ಲಮೆಂಟು. ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರಗಳಲ್ಲಿ ಸರ್ಕಾರ ಈ ಜನರನ್ನು ಬೇಲಿಯೊಳಗೆ ತಂದು ಕೂಡಿಹಾಕಿತು. ಹೆಬ್ಬೆರಳಿನ ಗುರುತು, ಹಾಜರಿ, ಹೊರಗೆ ಹೋಗಲು ಪಾಸು, ಹೇಳದೆ ಹೋದರೆ ಜೈಲು. ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಇಡುವ ಅಧಿಕಾರವನ್ನೂ ಕಾನೂನು ಕೊಟ್ಟಿತ್ತು. ಬೇಲಿಯೊಳಗಿನ ಈ ಜನ ಹಗಲು ಹೋಗುತ್ತಿದ್ದದ್ದು ಗಿರಣಿಗಳಿಗೆ. ವಸಾಹತು ಪಟ್ಟಣಕ್ಕೂ ‘ಕುಖ್ಯಾತ ಗುಂಪು’ಗಳಿಗೂ ಇದ್ದ ನಿಜವಾದ ನಂಟು ಇದು. ಗಿರಣಿಗೆ ಅಗ್ಗದ ಕೈಗಳು ಬೇಕಿದ್ದವು, ಕೂಲಿ ಸಾಲದೆಂದು ಊರು ಬಿಟ್ಟು ಹೋಗಲಾಗದ ಕೈಗಳು ಬೇಕಿದ್ದವು. ಅಂಥ ಕೈಗಳನ್ನು ಕಾಯ್ದೆ ಒದಗಿಸಿತು. ಪಟ್ಟಣಗಳು ಇವರಿಂದ ಅಪಾಯಕ್ಕೆ ಸಿಕ್ಕಿದ್ದವು ಎನ್ನುವವರು ಹುಬ್ಬಳ್ಳಿಯಲ್ಲಿ, ಗದಗ–ಬೆಟಗೇರಿಯಲ್ಲಿ ಇವತ್ತಿಗೂ ಸೆಟ್ಲಮೆಂಟ್ ಎಂದೇ ಕರೆಸಿಕೊಳ್ಳುವ ಓಣಿಗಳಿಗೆ ಹೋಗಿ, ಅಲ್ಲಿನ ಹಿರಿಯರನ್ನು ಮಾತಾಡಿಸಲಿ.

ಗಂಗಾವತಿಯ ಸಂತೆಯಲ್ಲಿ ಕೊರಮರ ಹೆಣ್ಣುಮಕ್ಕಳು ಈಚಲು ಗರಿಯ ಕಸಬರಿಗೆ, ಪುಟ್ಟಿ ಮಾರುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಗರಿಯನ್ನು ಕುಡಗೋಲಿನ ಅಂಚಿಗೆ ಒತ್ತಿ ಸೀಳುತ್ತಾರೆ, ನೀರು ಚಿಮುಕಿಸಿ ಮೆತ್ತಗೆ ಮಾಡುತ್ತಾರೆ, ಕಾಲ್ಬೆರಳಿನ ಸಂದಿಯಲ್ಲಿ ತುದಿ ಹಿಡಿದು ಬಿಗಿಯುತ್ತಾರೆ. ಮಾತು ನಿಂತರೂ ಕೈ ನಿಲ್ಲುವುದಿಲ್ಲ. ಒಮ್ಮೆ ಅಂಥ ತಾಯಿಯೊಬ್ಬಳ ಮುಂದೆ ಕಸಬರಿಗೆಗೆ ಚೌಕಾಸಿ ಮಾಡುತ್ತಿದ್ದ ಗಿರಾಕಿ, ಬೆಲೆ ಹೊಂದದೆ ಹೋದಾಗ, ‘ಕದ್ದ ಗರಿಗೆ ಇಷ್ಟ್ಯಾಕಬೇ ರೊಕ್ಕ?’ ಎಂದ. ಸುತ್ತ ನಿಂತವರು ನಕ್ಕರು. ಆಕೆ ಮಾತ್ರ ತಲೆ ಎತ್ತದೆ, ‘ಬ್ಯಾಡಂದ್ರ ಇಡ್ರೆಪ್ಪಾ’ ಎಂದಳು. ಅದೇ ಗಿರಾಕಿಗೆ ತನ್ನ ಮನೆಯ ಮದುವೆಯಲ್ಲಿ ಸನಾದಿ ಊದಲು ಕೊರಮರೇ ಬೇಕು. ಶುಭ ಕಾರ್ಯಕ್ಕೆ ಅವರ ಉಸಿರು ಬೇಕು. ಓಣಿಯಲ್ಲಿ ಸೈಕಲ್ ಕಳುವಾದ ದಿನ ಮೊದಲು ನೆನಪಾಗುವುದೂ ಅವರ ಗುಡಿಸಲೇ.

ಇದೇ ಸಮುದಾಯ ತನ್ನ ಹಿರಿಯನೆಂದು ಪೂಜಿಸುವುದು ನುಲಿಯ ಚಂದಯ್ಯನವರನ್ನು. ಹನ್ನೆರಡನೇ ಶತಮಾನದ ಆ ಶರಣರು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿದ ಹಣದಲ್ಲಿ ಜಂಗಮ ದಾಸೋಹ ನಡೆಸಿದವರು. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಕಳಚಿ ನೀರಿಗೆ ಬಿದ್ದರೂ ಕಾಯಕ ನಿಲ್ಲಿಸದವರು ಎಂದು ಅವರ ಕಥೆ ಹೇಳುತ್ತದೆ. ದುಡಿಯದೆ ಬಂದ ಕಾಸು ಮುಟ್ಟಬಾರದು ಎಂಬ ಪಾಠವನ್ನು ಕನ್ನಡ ನಾಡಿಗೆ ಬದುಕಿ ತೋರಿಸಿದವರ ಸಂತತಿಯನ್ನು, ಹೊರಗಿನಿಂದ ಬಂದ ಪೊಲೀಸ್ ಅಧಿಕಾರಿಯ ಕೈಪಿಡಿ ನೋಡಿ ನಾವು ಕಳ್ಳರು ಎಂದೆವು. ಕಾಯಕದ ಹೆಸರಿನಲ್ಲಿ ಎದೆಯುಬ್ಬಿಸುವ ನಾಡಿಗೆ ಇದಕ್ಕಿಂತ ದೊಡ್ಡ ಅವಮಾನ ನನಗೆ ಕಾಣುವುದಿಲ್ಲ.

‘ಅನುಭವದಿಂದ ಹೇಳ್ತೀವಿ, ಕೇಸು ತೆಗೆದು ನೋಡಿ’ ಎನ್ನುವವರಿದ್ದಾರೆ. ಕೇಸು ಎಲ್ಲಿ ಹುಟ್ಟುತ್ತದೆ? ಯಾರನ್ನು ಮೊದಲು ಠಾಣೆಗೆ ಕರೆಸುತ್ತಾರೋ ಅವರ ಹೆಸರಿನಲ್ಲಿ. ಹಳೆಯ ಪಟ್ಟಿ ನೋಡಿ ಕರೆಸುವುದು, ಕರೆಸಿದ್ದಕ್ಕೆ ಹೆಸರು ದಾಖಲಾಗುವುದು, ದಾಖಲೆ ತೋರಿಸಿ ಪಟ್ಟಿ ಸರಿಯಿತ್ತು ಎನ್ನುವುದು — ಈ ಸುತ್ತಿನಿಂದ ಹೊರಬರುವ ದಾರಿ ಬಡವನಿಗೆ ಇಲ್ಲ. ರಕ್ತದಲ್ಲೇ ಕಳವಿದ್ದರೆ ಇದೇ ಸಮುದಾಯಗಳಿಂದ ಶಿಕ್ಷಕರು, ವಕೀಲರು, ಸರ್ಕಾರಿ ಅಧಿಕಾರಿಗಳು ಬಂದದ್ದು ಹೇಗೆ? ಒಂದು ತಲೆಮಾರಿಗೆ ಶಾಲೆ ಸಿಕ್ಕಿತು, ಕೂಲಿ ಸಿಕ್ಕಿತು, ಅಷ್ಟೇ. ಆಗ ರಕ್ತ ಎಲ್ಲಿ ಹೋಯಿತು?

1952ರ ಆಗಸ್ಟ್ 31ರಂದು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ದೇಶದಾದ್ಯಂತ ರದ್ದಾಯಿತು. ಆ ಪಟ್ಟಿಯಿಂದ ಬಿಡುಗಡೆಯಾದ ‘ವಿಮುಕ್ತ’ ಸಮುದಾಯಗಳಿಗೆ ಅದೇ ಸ್ವಾತಂತ್ರ್ಯ ದಿನ. ಆದರೆ ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು, ಕರ್ನಾಟಕ 1961ರಲ್ಲಿ ತಂದಿತು. ಇಂಥ ಕಾಯ್ದೆಗಳನ್ನು ತೆಗೆದುಹಾಕಿ ಎಂದು ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ನಿರ್ಮೂಲನ ಸಮಿತಿ 2007ರಲ್ಲೇ ಭಾರತಕ್ಕೆ ಹೇಳಿತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು ರದ್ದು ಮಾಡಿದ ತೀರ್ಪಿನಲ್ಲಿ, ವಿಮುಕ್ತ ಸಮುದಾಯದವರನ್ನು ಹುಟ್ಟಿನ ಮೇಲೆ ರೂಢಿಗತ ಅಪರಾಧಿಗಳೆಂದು ನೋಡುವ ಜೈಲು ಕೈಪಿಡಿಗಳ ನಿಯಮಗಳನ್ನೂ ಸಂವಿಧಾನ ವಿರೋಧಿ ಎಂದಿತು. 1836ರಲ್ಲಿ ಇಟ್ಟ ಒಂದು ತಪ್ಪು ಹೆಜ್ಜೆಯ ಜಾಡು ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಬರಲು ನೂರ ಎಂಬತ್ತೆಂಟು ವರ್ಷ ಬೇಕಾಯಿತು.

ಇನ್ನು ನಮ್ಮ ಪಾಳಿ. 1961ರ ಕಾಯ್ದೆಯನ್ನು ರಾಜ್ಯ ಸರ್ಕಾರ ಪೂರ್ತಿಯಾಗಿ ಕಿತ್ತು ಹಾಕಬೇಕು. ಕಳವಿನ ಸುದ್ದಿಯಲ್ಲಿ ಆರೋಪಿಯ ಜಾತಿ ಬರೆಯುವುದನ್ನು ಪತ್ರಿಕೆಗಳು ನಿಲ್ಲಿಸಬೇಕು. ಕಳವಾದ ಮರುದಿನ ಗುಡಿಸಲುಗಳಿಗೆ ಜೀಪು ಕಳಿಸುವ ಠಾಣೆಗಳನ್ನು ಮೇಲಧಿಕಾರಿಗಳು ಪ್ರಶ್ನಿಸಬೇಕು. ಕೊಪ್ಪಳ ಕೋಟೆಯ ಕೆಳಗೆ ಭೀಮರಾಯರಿಗೆ ಹಾರ ಹಾಕುವ ವೇದಿಕೆಯ ಮೇಲೆ ಈ ಜನರಿಗೂ ಒಂದು ಕುರ್ಚಿ ಇಡಬೇಕು. ಮತ್ತು ಓದುಗರೇ, ಮುಂದಿನ ಸಲ ನಿಮ್ಮ ಎದುರಿಗೆ ಯಾರಾದರೂ ‘ಅವರ ರಕ್ತದಾಗ ಐತಿ’ ಎಂದರೆ, ಸುಮ್ಮನೆ ಕೇಳಿಕೊಂಡು ಬರಬೇಡಿ. ಆ ಸುಳ್ಳನ್ನು ಅಲ್ಲೇ, ಎಲ್ಲರ ಮುಂದೆ, ಸುಳ್ಳೆಂದು ಹೇಳಿ.